ವೈದ್ಯಕೀಯ ಸೀಟು: ಊರ ಮಗುವಿಗೂ ವಿದೇಶದ ಮಗುವಿಗೂ ಒಂದೇ ನ್ಯಾಯವೇ?

ನೀಟ್ ಫಲಿತಾಂಶ ಬಂದಾಗಲೆಲ್ಲ ನಮ್ಮ ಸಮಾಜದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಲ್ಲೇ ಹುಟ್ಟಿ ಇಲ್ಲೇ ಓದಿದ ಮಗುವಿಗೆ ಸಿಗದ ಸೀಟು, ವಿದೇಶದಲ್ಲಿರುವವರ ಮಗುವಿಗೆ ಕಡಿಮೆ ಅಂಕಕ್ಕೇ ಸಿಗುವುದು ಹೇಗೆ? ಉತ್ತರ ತಿಳಿಯಲು ಎರಡು ಗಡಿಗಳನ್ನು ನೋಡಬೇಕು.

ರಾಜ್ಯದ ಗಡಿ

ಹನೂರು ತಾಲ್ಲೂಕಿನ ಪಾಲಾರ್ ತಮಿಳುನಾಡಿಗೆ ಅಂಟಿಕೊಂಡ ಊರು. ಅಲ್ಲಿನ ಕುಟುಂಬವೊಂದು ಮಗುವನ್ನು ಮೆಟ್ಟೂರು ಕಡೆಯ ಶಾಲೆಗೆ ಸೇರಿಸಿದರೆ, ಮನೆ ಕರ್ನಾಟಕದಲ್ಲಿದ್ದರೂ ಓದು ಹೊರರಾಜ್ಯದ ಲೆಕ್ಕಕ್ಕೆ ಹೋಗುತ್ತದೆ. ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮುಖ್ಯವಾಗಿ ಕೇಳುವುದು ವಾಸವನ್ನಲ್ಲ, ಓದನ್ನು. 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ಇನ್ನೊಂದು ದಾರಿಯೂ ಇದೆ: ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಇಲ್ಲಿ ಓದಿದ್ದರೆ ಅರ್ಹತೆ ಸಿಗುತ್ತದೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದ್ದು, ಅವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ದೇಶದ ಗಡಿ

ಅನಿವಾಸಿ ಭಾರತೀಯರ ಸೀಟಿನ ಲೆಕ್ಕ ಬೇರೆ. 2005ರ ಇನಾಂದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ವೃತ್ತಿಪರ ಕಾಲೇಜುಗಳಲ್ಲಿ ಇದಕ್ಕೆ ಶೇ 15ರ ಮಿತಿ ಹಾಕಿತು. ಜೊತೆಗೆ ಷರತ್ತುಗಳನ್ನೂ ಇಟ್ಟಿತು: ಸೀಟು ನಿಜವಾದ ಅನಿವಾಸಿಗಳ ಮಕ್ಕಳಿಗೆ ಅಥವಾ ಅವರ ಪೋಷಣೆಯಲ್ಲಿರುವವರಿಗೆ ಮಾತ್ರ, ಅವರೊಳಗೂ ಅರ್ಹತೆ ನೋಡಬೇಕು, ಬಂದ ಹಣ ಬಡ ವಿದ್ಯಾರ್ಥಿಗಳ ಓದಿಗೆ ಬಳಕೆಯಾಗಬೇಕು. ಪಂಜಾಬ್ ಸರ್ಕಾರ ದೂರದ ಬಂಧುಗಳಿಗೂ ಈ ಸೀಟು ಕೊಡಲು ಹೊರಟಾಗ, 2024ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯ ಅದನ್ನು ವಂಚನೆ ಎಂದು ಕರೆದು ಮೇಲ್ಮನವಿ ತಳ್ಳಿಹಾಕಿತು. ಆದ್ದರಿಂದ ವಿದೇಶದಲ್ಲಿರುವ ದೂರದ ಸಂಬಂಧಿಯ ಹೆಸರಿನಲ್ಲಿ ಸೀಟು ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ನಂಬಬೇಡಿ.

ಸಾಗರೋತ್ತರ ಭಾರತೀಯ ಪೌರತ್ವ ಕಾರ್ಡ್ ಹೊಂದಿರುವ ಮಕ್ಕಳದು ಮೂರನೇ ಬಗೆ. ಅಮೆರಿಕದಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ಓದಿದವರು ಇವರಲ್ಲಿ ಎಷ್ಟೋ ಮಂದಿ. ಕರ್ನಾಟಕ ಹೈಕೋರ್ಟ್ 2020ರಲ್ಲಿ ಇವರ ಪರ ತೀರ್ಪು ಕೊಟ್ಟಿತು. ಕೇಂದ್ರದ 2021ರ ಮಾರ್ಚ್ 4ರ ಅಧಿಸೂಚನೆ ಇವರನ್ನು ಅನಿವಾಸಿ ಸೀಟಿಗೆ ಸೀಮಿತಗೊಳಿಸಿತು. ಆ ದಿನಕ್ಕೆ ಮೊದಲೇ ಕಾರ್ಡ್ ಪಡೆದವರಿಗೆ ಈ ನಿರ್ಬಂಧ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2023ರ ಫೆಬ್ರವರಿ 3ರಂದು ಹೇಳಿತು.

ಹಾಗಾದರೆ ನ್ಯಾಯ ಎಲ್ಲಿದೆ?

ಅನಿವಾಸಿ ಸೀಟು ಇರುವುದೇ ಅನ್ಯಾಯವಲ್ಲ. ಅದು ನಿಜವಾದ ಅನಿವಾಸಿಗೆ ಹೋಯಿತೇ, ಆ ಹಣ ಬಡ ಮಗುವಿನ ಶುಲ್ಕ ಇಳಿಸಿತೇ ಎಂಬುದೇ ಅಳತೆಗೋಲು. 2024ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಹೆಚ್ಚುವರಿಯಾಗಿ ಇಂಥ ಸೀಟು ಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವನ್ನು ಕೋರಿತ್ತು. ಅಲ್ಲೂ ಕೇಳಬೇಕಾದ್ದು ಇವೇ ಪ್ರಶ್ನೆಗಳನ್ನು. ಚಾಮರಾಜನಗರದ ಸರ್ಕಾರಿ ಕಾಲೇಜಿನಂಥ ಕಡೆ ನಮ್ಮ ಮಕ್ಕಳಿಗೆ ಈಗಿರುವ ಸೀಟು ಒಂದೂ ಕಡಿಮೆಯಾಗಬಾರದು.

ಪೋಷಕರು ಗಮನಿಸಬೇಕಾದದ್ದು

• 1ನೇ ತರಗತಿಯಿಂದಲೇ ವ್ಯಾಸಂಗ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ.
• ಗಡಿಯಾಚೆಯ ಶಾಲೆಗೆ ಸೇರಿಸುವ ಮುನ್ನ 7 ವರ್ಷದ ಲೆಕ್ಕ ಹಾಕಿ.
• 2014ರಲ್ಲಿ ಜೈನರಿಗೆ ದೊರೆತ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನವೇ ಬೇರೆ, ರಾಜ್ಯದ ಮೀಸಲಾತಿಯೇ ಬೇರೆ. ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿದ್ದಾರೆ. ಅದಕ್ಕೆ ತಹಶೀಲ್ದಾರರ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು.
• ನಿಯಮಗಳು ಬದಲಾಗುತ್ತವೆ. ಆಯಾ ವರ್ಷದ ಪ್ರಾಧಿಕಾರದ ಕೈಪಿಡಿ ಓದಿಯೇ ಅರ್ಜಿ ತುಂಬಿ.