ಎಥೆನಾಲ್ ಟ್ಯಾಂಕಿನ ಅಪಾಯ ಅಳೆಯುವುದು ಹೇಗೆ?

ಪುಣೆ–ಬೆಂಗಳೂರು ಹೆದ್ದಾರಿಯ ಹತ್ತರಗಿ ಸುತ್ತಮುತ್ತ ಕಬ್ಬಿನದೇ ಕಾರುಬಾರು. ಸಂಕೇಶ್ವರ, ಬೆಲ್ಲದ ಬಾಗೇವಾಡಿಯಂಥ ಊರುಗಳ ಸಕ್ಕರೆ ಕಾರ್ಖಾನೆಗಳು ಈಗ ಸಕ್ಕರೆಗಷ್ಟೇ ನಿಂತಿಲ್ಲ. ಕಾಕಂಬಿಯಿಂದ ಎಥೆನಾಲ್ ಕೂಡ ತಯಾರಾಗುತ್ತದೆ. ಪೆಟ್ರೋಲಿಗೆ ಬೆರೆಯಲು ಹೊರಡುವ ಈ ಇಂಧನ, ಟ್ಯಾಂಕರ್ ತುಂಬುವವರೆಗೆ ಕಾರ್ಖಾನೆಯ ಆವರಣದ ಉಕ್ಕಿನ ಟ್ಯಾಂಕುಗಳಲ್ಲಿ ಇರುತ್ತದೆ.

ಇಂಥ ಟ್ಯಾಂಕಿನ ಅಪಾಯ ಅಳೆಯುವವರು ಮುಖ್ಯವಾಗಿ ಕೇಳುವುದು ಎರಡು ಪ್ರಶ್ನೆ: ಅವಘಡ ಆಗುವ ಸಂಭವ ಎಷ್ಟು? ಆದರೆ ಹಾನಿ ಎಷ್ಟು? ಪೆಟ್ರೋಲ್ ಟ್ಯಾಂಕಿಗೆ ಬರೆದ ಉತ್ತರವನ್ನೇ ಎಥೆನಾಲಿಗೂ ಇಳಿಸಿಕೊಂಡರೆ ಲೆಕ್ಕ ತಪ್ಪುತ್ತದೆ.

ದ್ರವದ ಮೇಲಿನ ಆವಿ

ಮುಚ್ಚಿದ ಪೆಟ್ರೋಲ್ ಟ್ಯಾಂಕಿನಲ್ಲಿ ದ್ರವದ ಮೇಲಿನ ಆವಿ ಸಾಮಾನ್ಯವಾಗಿ ತೀರಾ ದಟ್ಟ. ಹೊತ್ತಿಕೊಳ್ಳಲು ಬೇಕಾದಷ್ಟು ಗಾಳಿ ಅಲ್ಲಿರುವುದಿಲ್ಲ. ಎಥೆನಾಲ್ ಹಾಗಲ್ಲ. ಅದರ ಆವಿ ಗಾಳಿಯಲ್ಲಿ ಶೇ. 3.3ರಿಂದ 19ರಷ್ಟು ಇದ್ದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಸುಮಾರು 13ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಟ್ಯಾಂಕಿನೊಳಗೆ ಇದೇ ಪ್ರಮಾಣ ಕೂಡಿಬರುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿಯಲ್ಲಿ ವರ್ಷದ ಬಹುಪಾಲು ದಿನಗಳ ಹವೆಯೂ ಇಷ್ಟೇ. ಆದ್ದರಿಂದ ಸಿಡಿಲು, ವೆಲ್ಡಿಂಗ್ ಕಿಡಿ, ಅರ್ಥಿಂಗ್ ಮಾಡದೆ ಟ್ಯಾಂಕರ್ ತುಂಬುವುದು, ಟ್ಯಾಂಕಿನ ಉಸಿರಾಟದ ವಾಲ್ವಿನಲ್ಲಿ ಧೂಳು ಕಟ್ಟುವುದು, ಒಂದೊಂದನ್ನೂ ಬೇರೆಯಾಗಿಯೇ ತೂಗಿ ನೋಡಬೇಕು.

ಬೆಂಕಿ ಬಿದ್ದ ಮೇಲೂ ಎಥೆನಾಲಿನ ಸ್ವಭಾವ ಬೇರೆ. ಅದರ ಜ್ವಾಲೆ ಹಗಲಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಅದು ನೀರಿನಲ್ಲಿ ಬೆರೆಯುವುದರಿಂದ ಪೆಟ್ರೋಲ್ ಬೆಂಕಿಗೆ ಬಳಸುವ ಮಾಮೂಲಿ ನೊರೆ ಅದರ ಮೇಲೆ ನಿಲ್ಲದೆ ಒಡೆದುಹೋಗುತ್ತದೆ. ಆಲ್ಕೋಹಾಲ್ ತಡೆಯುವ ನೊರೆಯೇ ದಾಸ್ತಾನಿನಲ್ಲಿರಬೇಕು.

ಇದ್ದೂ ಒದಗದ ರಕ್ಷಣೆ

2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರದ ಇಂಡಿಯನ್ ಆಯಿಲ್ ಡಿಪೋದಲ್ಲಿ ಒಂದು ತಾಸಿಗೂ ಮೀರಿ ಪೆಟ್ರೋಲ್ ಸೋರಿ, ಆವಿ ಹರಡಿ ಸ್ಫೋಟಿಸಿತು. ಸೋರಿದ್ದನ್ನು ಹಿಡಿದಿಡಲೆಂದು ಟ್ಯಾಂಕಿನ ಸುತ್ತ ಕಟ್ಟಿದ ಡೈಕ್ ಗೋಡೆ ಇತ್ತು. ಅದರ ನೀರು ಬಿಡುವ ವಾಲ್ವ್ ತೆರೆದಿತ್ತು. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್‌ನಲ್ಲಿ ಮಟ್ಟ ತೋರಿಸುವ ಮಾಪಕ ಸಿಕ್ಕಿಹಾಕಿಕೊಂಡಿತು, ಟ್ಯಾಂಕ್ ತುಂಬಿದಾಗ ಎಚ್ಚರಿಸಿ ತಡೆಯಬೇಕಿದ್ದ ಸ್ವಿಚ್ಚೂ ಕೈಕೊಟ್ಟಿತು. ಇಂಧನ ಉಕ್ಕಿ ಹರಿಯಿತು.

ನಮ್ಮಲ್ಲಿ ಮಳೆಗಾಲಕ್ಕೆ ಡೈಕಿನೊಳಗೆ ನೀರು ನಿಲ್ಲುತ್ತದೆ, ವಾಲ್ವ್ ತೆರೆಯಲೇಬೇಕು. ತೆರೆಯುವವರು ಯಾರು? ಮತ್ತೆ ಮುಚ್ಚಿದ್ದನ್ನು ಕಣ್ಣಾರೆ ನೋಡುವವರು ಯಾರು? ರಾತ್ರಿ ಪಾಳಿಯವರಿಗೆ ಹೇಳುವವರು ಯಾರು? ಅಪಾಯದ ಅಂದಾಜಿನಲ್ಲಿ ‘ಡೈಕ್ ಇದೆ’ ಎಂದು ಗುರುತು ಹಾಕಿದರೆ ಸಾಲದು, ಈ ಮೂರಕ್ಕೂ ಉತ್ತರ ಇರಬೇಕು.

ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು ಪ್ರತಿ ವರ್ಷ ಈ ಅಂದಾಜನ್ನು ಹೊಸದಾಗಿ ಮಾಡಬೇಕು. ಎಂಜಿನಿಯರ್ ಜೊತೆಗೆ ವಾಲ್ವ್ ತಿರುಗಿಸುವ ಕಾರ್ಮಿಕ, ಟ್ಯಾಂಕರ್ ಚಾಲಕ, ಅಗ್ನಿಶಾಮಕ ಠಾಣೆಯವರು ಕೂತು ಮಾಡಬೇಕು. ಯಾವ ವಾಲ್ವ್ ಬಿಗಿ ಹಿಡಿದಿದೆ, ಯಾವ ಮಾಪಕ ಸುಳ್ಳು ಹೇಳುತ್ತದೆ ಎಂಬುದು ದಿನಾ ಅದರ ಮುಂದೆ ನಿಲ್ಲುವವರಿಗೇ ಮೊದಲು ಗೊತ್ತಾಗುತ್ತದೆ. ಅವರ ಮಾತು ದಾಖಲೆಗೆ ಸೇರಿದರೆ ಮಾತ್ರ ಆ ದಾಖಲೆ ಜೀವ ಉಳಿಸುತ್ತದೆ.