ಎಂಟನೆಯ ಯಂತ್ರದ ಹಳೆಯ ಆಜ್ಞೆ

ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಅಳೆಯುವುದಕ್ಕೆ ಮೊದಲು ಅದರ ಶೂನ್ಯದೋಷವನ್ನು ಪರೀಕ್ಷಿಸುತ್ತಾನೆ. ನಿನ್ನೆ ಸರಿಯಾಗಿದ್ದ ಉಪಕರಣ ಇಂದೂ ಸರಿಯಾಗಿರುವುದೆಂದು ನಂಬುವಂತಿಲ್ಲ. ಗಣಕಯಂತ್ರಗಳಿಗೂ ಇದೇ ನಿಯಮ ಸಲ್ಲುತ್ತದೆ.

ದೊಡ್ಡ ಸಂಸ್ಥೆಗಳ ಕೆಲಸವನ್ನು ಸರ್ವರುಗಳೆಂಬ ಅನೇಕ ಗಣಕಗಳು ಹಂಚಿಕೊಂಡು ನಿರ್ವಹಿಸುತ್ತವೆ. ಪ್ರತಿಯೊಂದು ಸರ್ವರೂ ತಾನು ಪಾಲಿಸಬೇಕಾದ ಆಜ್ಞಾಸಮೂಹದ, ಎಂದರೆ ಸಾಫ್ಟ್‌ವೇರಿನ, ಪ್ರತಿಯೊಂದನ್ನು ತನ್ನಲ್ಲಿಯೇ ಇರಿಸಿಕೊಂಡಿರುತ್ತದೆ. ಇದರಿಂದ ವೇಗವುಂಟು, ಅಪಾಯವೂ ಉಂಟು. ಮೂಲವು ಬದಲಾದರೂ ಯಾವುದೋ ಒಂದು ಪ್ರತಿ ಹಳೆಯದಾಗಿಯೇ ಉಳಿಯಬಹುದು.

ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆಗೆ ಒದಗಿದ ಗತಿಯನ್ನು ನೋಡೋಣ. 2012ನೆಯ ಇಸವಿಯ ಜುಲೈ ಕೊನೆಯಲ್ಲಿ ಅದು ತನ್ನ ಎಂಟು ಸರ್ವರುಗಳಿಗೆ ಹೊಸ ಆಜ್ಞೆಗಳನ್ನು ತುಂಬಿಸತೊಡಗಿತು. ಏಳಕ್ಕೆ ಅವು ತಲುಪಿದುವು, ಎಂಟನೆಯದಕ್ಕೆ ನಕಲಾಗಲಿಲ್ಲ. ಕೆಲಸವನ್ನು ಎರಡನೆಯವರು ಪರಿಶೀಲಿಸಲೂ ಇಲ್ಲ. 2003ರಲ್ಲಿಯೇ ಉಪಯೋಗ ನಿಂತಿದ್ದ ‘ಪವರ್ ಪೆಗ್’ ಎಂಬ ಆಜ್ಞಾಭಾಗವು ಆ ಯಂತ್ರದಲ್ಲಿ ಅಳಿಯದೆ ಉಳಿದಿತ್ತು. ಹಿಂದೆ ಅದನ್ನು ಎಚ್ಚರಿಸುತ್ತಿದ್ದ ಸಂಕೇತವನ್ನೇ ಹೊಸ ಕೆಲಸಕ್ಕೂ ಗೊತ್ತುಮಾಡಲಾಗಿತ್ತು.

ಆಗಸ್ಟ್ 1ರಂದು ಪೇಟೆ ತೆರೆಯಿತು, ಸಂಕೇತ ಬಂದಿತು. ಎಂಟನೆಯ ಯಂತ್ರದಲ್ಲಿ ಹಳೆಯ ಆಜ್ಞೆ ಎಚ್ಚೆತ್ತು, ಬೇಕಾದಷ್ಟು ಷೇರುಗಳ ವ್ಯವಹಾರ ಮುಗಿದ ಮೇಲೂ ಆದೇಶಗಳನ್ನು ಕಳುಹಿಸುತ್ತಲೇ ಹೋಯಿತು. ದೋಷವನ್ನು ನಿವಾರಿಸಲೆಂದು ಸಿಬ್ಬಂದಿಯವರು ಸರಿಯಾಗಿದ್ದ ಏಳು ಯಂತ್ರಗಳಿಂದಲೇ ಹೊಸ ಆಜ್ಞೆಗಳನ್ನು ತೆಗೆದರು. ಫಲವಾಗಿ ಅವುಗಳಲ್ಲಿಯೂ ಹಳೆಯದು ಜಾಗೃತವಾಯಿತು! ಸುಮಾರು 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಮಿಕ್ಕಿದ ವ್ಯವಹಾರಗಳು ನಡೆದುವು. ಸಂಸ್ಥೆಗೆ ಆದ ನಷ್ಟ 46 ಕೋಟಿ ಡಾಲರುಗಳಿಗೂ ಅಧಿಕ.

ಇಂತಹ ಪ್ರತಿಯನ್ನು ಮೊದಲೇ ಗುರುತಿಸುವುದು ಹೇಗೆ? ಎಸ್‌ಎಚ್‌ಎ-256 ಎಂಬ ಗಣಿತವಿಧಾನದಿಂದ, ಎಷ್ಟೇ ದೀರ್ಘವಾದ ಆಜ್ಞಾಸಮೂಹಕ್ಕೂ 256 ಬಿಟ್‌ಗಳ ಮುದ್ರೆಯೊಂದನ್ನು ಪಡೆಯಬಹುದು. ಒಂದೇ ಅಕ್ಷರ ವ್ಯತ್ಯಾಸವಾದರೂ ಮುದ್ರೆ ಬೇರೆಯೇ ಆಗುತ್ತದೆ. ಪ್ರತಿ ಸರ್ವರಿನ ಮುದ್ರೆಯನ್ನು ಮೂಲದ ಮುದ್ರೆಯೊಡನೆ ಹೋಲಿಸಿದರೆ ಹಿಂದುಳಿದ ಯಂತ್ರ ಕೂಡಲೇ ಬಯಲಾಗುತ್ತದೆ. ಅದನ್ನು ಕೆಲಸದಿಂದ ಬಿಡಿಸಿ, ಹಳೆಯದನ್ನು ಅಳಿಸಿ, ಹೊಸದನ್ನು ತುಂಬಿ, ಮತ್ತೊಮ್ಮೆ ಹೋಲಿಸಿದ ಬಳಿಕವೇ ಕೆಲಸಕ್ಕೆ ಹಚ್ಚಬೇಕು.

ಆದರೆ ಮುದ್ರೆಗಳು ಹೊಂದಿದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಬಳಕೆ ತಪ್ಪಿದ ಆಜ್ಞೆ ಮೂಲದಲ್ಲಿಯೇ ಅಡಗಿದ್ದರೆ ಮುದ್ರೆ ಅದನ್ನು ತಿಳಿಸಲಾರದು. ಅಂಥದನ್ನು ಕಾಲಕಾಲಕ್ಕೆ ಹುಡುಕಿ ತೆಗೆಯುವ ಹೊಣೆ ಮನುಷ್ಯನದೇ. ಏಕೆಂದರೆ ಯಂತ್ರವು ಒಂಬತ್ತು ವರ್ಷಗಳ ಹಿಂದಿನ ಆಜ್ಞೆಯನ್ನೂ, ಕರೆದೊಡನೆ, ಇಂದಿನದೆಂಬಂತೆಯೇ ಪಾಲಿಸುತ್ತದೆ.