ಹತ್ತಿರದ ವಿ.ವಿ.ಯೋ, ಹಳೆಯ ವಿ.ವಿ.ಯೋ?

ಕೊಳ್ಳೇಗಾಲದಲ್ಲಿರುವ ನನ್ನ ಅಕ್ಕನ ಮಗಳು ಇತಿಹಾಸದಲ್ಲಿ ಎಂ.ಎ. ಮುಗಿಸಿದವಳು. ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ. ಒಂದು ದಿನ ಫೋನ್ ಮಾಡಿ, "ಖಾಲಾ, ಪಿ.ಎಚ್.ಡಿ. ಮಾಡಬೇಕೆಂದಿದ್ದೇನೆ. ಚಾಮರಾಜನಗರಕ್ಕೆ ಹೋಗಲೋ, ಮೈಸೂರಿಗೋ? ಅಬ್ಬಾ ಹತ್ತಿರದ್ದೇ ಸಾಕು ಅನ್ನುತ್ತಾರೆ" ಎಂದಳು.

ಭಾವನ ಮಾತನ್ನು ತಳ್ಳಿಹಾಕುವಂತಿಲ್ಲ. ಕೊಳ್ಳೇಗಾಲಕ್ಕೆ ರೈಲಿಲ್ಲ. ಯಳಂದೂರಿನ ಮೇಲೆ ಹಾದು ಚಾಮರಾಜನಗರಕ್ಕೆ ಸುಮಾರು 40 ಕಿ.ಮೀ.; ಮೈಸೂರಿಗೆ 60ಕ್ಕೂ ಹೆಚ್ಚು. ಹನೂರಿನ ಹುಡುಗಿಯರಾದರೆ ಮೊದಲು ಕೊಳ್ಳೇಗಾಲಕ್ಕೇ ಬರಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಟಿಕೆಟಿನ ಚಿಂತೆ ತಪ್ಪಿತು, ಪ್ರಯಾಣದ ಸಮಯವೇನೂ ಉಳಿಯಲಿಲ್ಲ.

ಆದರೆ ದೂರ ಒಂದನ್ನೇ ನೋಡಿದರಾಗದು. ಮೈಸೂರು ವಿ.ವಿ. ಹುಟ್ಟಿದ್ದು 1916ರಲ್ಲಿ. ಅದರ ಸ್ನಾತಕೋತ್ತರ ಕೇಂದ್ರವೇ ಬೆಳೆದು ಚಾಮರಾಜನಗರ ವಿ.ವಿ.ಯಾಗಿದ್ದು 2023ರಲ್ಲಿ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬಹುದೆಂದ ಒಂಬತ್ತು ವಿ.ವಿ.ಗಳ ಪಟ್ಟಿಯಲ್ಲಿ ಈ ಎಳೆಯ ವಿ.ವಿ.ಯೂ ಇತ್ತು. ಆರು ವರ್ಷ ದುಡಿದು ಬರೆಯುವ ಪ್ರಬಂಧಕ್ಕೆ ಯಾವ ವಿ.ವಿ.ಯ ಹೆಸರಿನಲ್ಲಿ ಪದವಿ ಸಿಗುತ್ತದೆ, ಮಧ್ಯೆ ಬದಲಾದರೆ ಮಾರ್ಗದರ್ಶಕರು ಯಾರು ಎಂದು ನೋಂದಣಿಗೆ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಸಂಕೋಚ ಬೇಡ.

ನಿಜವಾಗಿ ಆರಿಸಬೇಕಾದ್ದು ಮಾರ್ಗದರ್ಶಕರನ್ನು. ಯು.ಜಿ.ಸಿ.ಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು. ಇಬ್ಬರೋ ಮೂವರೋ ಅಧ್ಯಾಪಕರಿರುವ ವಿಭಾಗದಲ್ಲಿ ಜಾಗ ಬೇಗ ತುಂಬುತ್ತದೆ. ನಿಮ್ಮ ವಿಷಯ ಬಲ್ಲವರು ಅಲ್ಲಿಲ್ಲದಿದ್ದರೆ ಮನೆಯೆದುರೇ ವಿ.ವಿ. ಇದ್ದರೂ ಪ್ರಯೋಜನವಿಲ್ಲ.

ಅಕ್ಕನ ಮಗಳ ವಿಷಯ ಕೊಳ್ಳೇಗಾಲದ ರೇಷ್ಮೆ ನೇಕಾರರು. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದ ಮೈಸೂರು ಸೀಮೆ. ಅಂದರೆ ಊರಿನ ಹಳೆಯ ಕಾಗದಪತ್ರಕ್ಕೆ ಅವಳು ಚೆನ್ನೈ ದಾರಿಯನ್ನೂ ಹಿಡಿಯಬೇಕು! ಮಗ್ಗದ ಮನೆಗಳಂತೂ ಊರಲ್ಲೇ ಇವೆ. ನಿತ್ಯ ವಿ.ವಿ.ಗೆ ಓಡಬೇಕಾದ್ದು ಮುಖ್ಯವಾಗಿ ಕೋರ್ಸ್‌ವರ್ಕ್ ಮುಗಿಯುವ ತನಕ ಎಂದು ಹೇಳಿದಾಗ ಭಾವ ಸ್ವಲ್ಪ ಮೆತ್ತಗಾದರು.

ಮದುವೆ, ಹೆರಿಗೆಯ ಭಯದಿಂದ ಕೈಬಿಡುವ ಸಹೋದರಿಯರು ಇದನ್ನು ತಿಳಿದಿರಲಿ: ಅದೇ ನಿಯಮದಲ್ಲಿ ಹೆರಿಗೆ ಮತ್ತು ಶಿಶುಪಾಲನೆಗೆಂದು 240 ದಿನಗಳವರೆಗೆ ರಜೆ ಇದೆ. ಮರುನೋಂದಣಿಯೂ ಸೇರಿ ಮಹಿಳೆಯರಿಗೆ ಗರಿಷ್ಠ 10 ವರ್ಷ ಸಿಗುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಸಂಶೋಧನೆಯನ್ನು ಅಲ್ಲಿಯ ವಿ.ವಿ.ಗೆ ವರ್ಗಾಯಿಸಿಕೊಳ್ಳಲೂ ಅವಕಾಶವಿದೆ. ಆದರೆ ಅಂಚೆ, ಆನ್‌ಲೈನ್ ಮೂಲಕ ಪಿ.ಎಚ್.ಡಿ. ಇಲ್ಲ, ಹಾಗೆ ಕೊಡಿಸುತ್ತೇವೆನ್ನುವವರಿಗೆ ಹಣ ಕಟ್ಟಬೇಡಿ.

ಹಣದ ಮಾತಿಗೆ ಬಂದರೆ, ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಿದ್ದಾಗಿ ಕೇಂದ್ರ ಸರಕಾರ ಡಿಸೆಂಬರ್ 2022ರಲ್ಲಿ ಹೇಳಿತು. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂ. ನಿಗದಿಯಾಯಿತು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ಫೆಲೋಶಿಪ್ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಅವಳು ಗಂಡನೊಂದಿಗೆ ಎರಡೂ ಕಡೆ ಹೋಗಿ ಬಂದಳು. ನೇಕಾರಿಕೆಯ ಬಗ್ಗೆ ಆಸಕ್ತಿಯಿದ್ದ ಅಧ್ಯಾಪಕಿ ಸಿಕ್ಕಿದ್ದು ಮೈಸೂರಿನಲ್ಲಿ. ಕೋರ್ಸ್‌ವರ್ಕಿನ ತಿಂಗಳುಗಳಲ್ಲಿ ಮಗು ಅಕ್ಕನ ಬಳಿ ಇರುವುದೆಂದಾಯಿತು. ಈಗ ನೆಟ್ ಪರೀಕ್ಷೆಗೆ ಓದುತ್ತಿದ್ದಾಳೆ, ರಾತ್ರಿ ಮಗು ಮಲಗಿದ ಮೇಲೆ.